ಸಾಲಿನ ಸವಾರಿ

ಸುತ್ತಲೂ ಬೆಟ್ಟಗಳಿರುವ ಸಂಡೂರಿನಲ್ಲಿ ಏರಿಳಿತದ ದಾರಿಗಳೇ ಹೆಚ್ಚು. ಅದಿರಿನ ಲಾರಿಗಳ ಸಂಚಾರವೂ ಉಂಟು. ಇಂತಹ ಕಡೆ ತಂಡದೊಡನೆ ಮೊದಲ ಬಾರಿಗೆ ಸೈಕಲ್ ಸವಾರಿ ಹೊರಡುವವರಿಗೆ ಕಾಲಿನ ಬಲದಷ್ಟೇ ಶಿಸ್ತೂ ಮುಖ್ಯ.

ಸಮತಟ್ಟಾದ ದಾರಿಯಲ್ಲಿ ಮುಂದಿನ ಸವಾರನು ಗಾಳಿಯನ್ನು ಸೀಳುತ್ತಾನೆ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಅವನ ಬೆನ್ನಹಿಂದೆ ಸಾಗುವವನ ಶ್ರಮ ಸುಮಾರು ಕಾಲುಭಾಗ ತಗ್ಗುತ್ತದೆ. ಆದುದರಿಂದಲೇ ಅನುಭವಿಗಳು ಸರದಿಯಂತೆ ಮುಂದಾಗುತ್ತಾರೆ. ಹೊಸಬರು ಮಾತ್ರ ತಕ್ಕ ಅಂತರವಿರಿಸಿಕೊಳ್ಳಬೇಕು. ಚಕ್ರಕ್ಕೆ ಚಕ್ರ ತಗಲಿದರೆ ಹಿಂದಿನವರೂ ಉರುಳುವರು. ಗುಂಡಿ ಕಂಡೊಡನೆ ಕೈಸನ್ನೆ ಮಾಡಬೇಕು. ಲಾರಿ ಬಂದಾಗ ಒಂದೇ ಸಾಲಾಗಬೇಕು.

ಏರಿನಲ್ಲಿ ವೇಗ ಕುಗ್ಗುವುದರಿಂದ ಗಾಳಿಯ ಮರೆ ಅಷ್ಟಾಗಿ ನೆರವಾಗದು. ತನ್ನ ಭಾರವನ್ನು ತಾನೇ ಏರಿಸಬೇಕು. ಹೊಸಬರು ಹಿಂದುಳಿಯುವುದು ಅಲ್ಲಿಯೇ. ಆಗ ಏರಿನ ನೆತ್ತಿಯಲ್ಲಿ ಕಾದು ನಿಲ್ಲುವುದು ಬಲ್ಲವರ ಧರ್ಮ. ಕೊನೆಯವನು ಮುಟ್ಟಿದಾಗಲೇ ತಂಡ ಗುರಿ ಮುಟ್ಟಿದಂತೆ.