ಚೀಟಿಯೋ, ರೋಜುಕಿರ್ದಿಯೋ?

ಆನ್‌ಲೈನ್ ಅಂಗಡಿಯಲ್ಲಿ ನಾವು ಒಂದು ಪುಸ್ತಕ ಕೊಂಡರೆ ಹಣ ಪಡೆಯುವುದು, ಸ್ಟಾಕ್ ಕಡಿಮೆ ಮಾಡುವುದು, ಪಾರ್ಸೆಲ್ ಕಳಿಸುವುದು ಇವೆಲ್ಲ ಹೆಚ್ಚಾಗಿ ಬೇರೆ ಬೇರೆ ಕಂಪ್ಯೂಟರ್‌ಗಳ ಕೆಲಸ. ಅವುಗಳಲ್ಲಿ ಒಂದು ಸ್ವಲ್ಪ ಹೊತ್ತು ನಿಂತರೂ ಆರ್ಡರ್ ಕಳೆದುಹೋಗಬಾರದು. ಅದಕ್ಕಾಗಿ ನಡುವೆ ಸಂದೇಶಗಳನ್ನು ಹಿಡಿದಿಟ್ಟು ತಲುಪಿಸುವ ಸಾಫ್ಟ್‌ವೇರ್ ಇರುತ್ತದೆ. ಎಲ್ಲರೂ ಉಚಿತವಾಗಿ ಬಳಸಬಹುದಾದ ಓಪನ್ ಸೋರ್ಸ್ ಸಾಫ್ಟ್‌ವೇರ್‌ಗಳಲ್ಲಿ ರ‍್ಯಾಬಿಟ್‌ಎಂಕ್ಯು ಮತ್ತು ಅಪಾಚೆ ಕಾಫ್ಕಾ ಹೆಸರಾದವು. ಯಾವುದನ್ನು ಆರಿಸಬೇಕು?

2007ರಲ್ಲಿ ಬಂದ ರ‍್ಯಾಬಿಟ್‌ಎಂಕ್ಯು ಹೋಟೆಲಿನ ಆರ್ಡರ್ ಚೀಟಿಯಂತೆ. ಅಡುಗೆಯವರು ಒಂದು ಚೀಟಿ ತೆಗೆದುಕೊಂಡು, ದೋಸೆ ಕೊಟ್ಟು, ‘ಆಯಿತು’ ಎಂದರೆ ಚೀಟಿ ಹರಿದುಹೋಗುತ್ತದೆ. ‘ಆಯಿತು’ ಎನ್ನದೆ ನಡುವೆ ಎದ್ದುಹೋದರೆ ಅದೇ ಚೀಟಿ ಇನ್ನೊಬ್ಬರ ಕೈಗೆ ಬರುತ್ತದೆ.

ಲಿಂಕ್ಡ್‌ಇನ್ ಕಂಪನಿಯಲ್ಲಿ ಹುಟ್ಟಿ 2011ರಲ್ಲಿ ಎಲ್ಲರಿಗೂ ತೆರೆದ ಕಾಫ್ಕಾ ರೋಜುಕಿರ್ದಿಯಂತೆ. (ನಮ್ಮ ಮನೆಯ ಉರ್ದುವಿನಲ್ಲಿ ‘ರೋಜ್’ ಎಂದರೆ ದಿನ.) ಬರೆದ ನಮೂದನ್ನು ಓದಿದ ಮಾತ್ರಕ್ಕೆ ಅದು ಅಳಿಯುವುದಿಲ್ಲ. ಲೆಡ್ಜರ್ ಬರೆಯುವವರು, ತೆರಿಗೆ ನೋಡುವವರು, ಮಾಲೀಕರು ಎಲ್ಲರೂ ಒಂದೇ ಪುಸ್ತಕ ಓದುತ್ತಾರೆ; ತಾವು ಎಲ್ಲಿಯವರೆಗೆ ಓದಿದೆವು ಎಂಬ ಗುರುತು ಮಾತ್ರ ಬೇರೆ ಬೇರೆ. ಹೊಸದಾಗಿ ಸೇರಿದವರೂ ಹಳೆಯ ಪುಟಗಳಿಂದ ಓದಬಹುದು. ನಾವು ಬದಲಿಸದಿದ್ದರೆ ಕಾಫ್ಕಾ ಸಂದೇಶಗಳನ್ನು 7 ದಿನ ಇಟ್ಟುಕೊಳ್ಳುತ್ತದೆ, ಬೇಕಾದರೆ ಹೆಚ್ಚಿಸಬಹುದು.

ಆದ್ದರಿಂದ ‘ಯಾವುದು ವೇಗ?’ ಎಂದು ಕೇಳುವ ಮೊದಲು ‘ಕೆಲಸ ಮುಗಿದ ಮೇಲೂ ಈ ಸಂದೇಶ ಬೇಕೇ?’ ಎಂದು ಕೇಳಬೇಕು. ಬಿಲ್ಲಿನ ಇಮೇಲ್ ಕಳಿಸುವಂಥ ಕೆಲಸಕ್ಕೆ ಚೀಟಿ ಸಾಕು. ಹಲವರು ಓದಬೇಕು, ಹಿಂದಿನದನ್ನು ಮತ್ತೆ ಲೆಕ್ಕ ಹಾಕಬೇಕು ಎಂದಾದರೆ ರೋಜುಕಿರ್ದಿ ಬೇಕು. ಸಾಫ್ಟ್‌ವೇರ್ ಉಚಿತವಾದರೂ ಸರ್ವರ್ ಮತ್ತು ನೋಡಿಕೊಳ್ಳುವವರ ಸಂಬಳ ಖರ್ಚಿನ ಬದಿಗೇ ಬರುತ್ತವೆ. ಚಿಕ್ಕ ಅಂಗಡಿಗೆ ದೊಡ್ಡ ವ್ಯವಸ್ಥೆ ಹೊರೆಯಾಗಬಹುದು.

ಯಾವುದನ್ನು ಆರಿಸಿದರೂ ಒಂದು ಎಚ್ಚರಿಕೆ ಬೇಕು. ಗ್ರಾಹಕರ ಖಾತೆಯಿಂದ ₹500 ಕಡಿತವಾಗಿ, ‘ಆಯಿತು’ ಎನ್ನುವ ಮೊದಲೇ ಕಂಪ್ಯೂಟರ್ ನಿಂತಿತು ಎಂದುಕೊಳ್ಳಿ. ಸಂದೇಶ ಮತ್ತೆ ಬರುತ್ತದೆ, ಇನ್ನೂ ₹500 ಹೋಗುತ್ತದೆ! ಇದಕ್ಕೆ ಮದ್ದು ನಮ್ಮ ಪಾಠದಲ್ಲೇ ಇದೆ: ವೋಚರ್ ನಂಬರ್. ಪ್ರತಿ ಸಂದೇಶಕ್ಕೂ ಒಂದು ಸಂಖ್ಯೆ ಕೊಟ್ಟು, ಆ ಸಂಖ್ಯೆ ಈಗಾಗಲೇ ಲೆಕ್ಕಕ್ಕೆ ಏರಿದ್ದರೆ ಮತ್ತೆ ಏರಿಸದಂತೆ ಪ್ರೋಗ್ರಾಂ ಬರೆಯಬೇಕು. ಸಂದೇಶ ಎರಡು ಸಲ ಬರಬಹುದು, ಹಣ ಎರಡು ಸಲ ಹೋಗಬಾರದು.