ಉಬ್ಬಸಕ್ಕೂ ಮೂಗಿಗೂ ಇರುವ ನಂಟು

ಉಬ್ಬಸವೆಂದೊಡನೆ ಎಲ್ಲರ ಗಮನವೂ ಎದೆಯತ್ತ ಹರಿಯುವುದು ಸಹಜ. ಆದರೆ ಉಸಿರಿನ ಹೆಬ್ಬಾಗಿಲು ಮೂಗು. ಒಳಸೇರುವ ಗಾಳಿಯನ್ನು ಬೆಚ್ಚಗಾಗಿಸಿ, ತೇವಗೊಳಿಸಿ, ಧೂಳನ್ನು ತಡೆಯುವುದು ಅದರ ಕಾಯಕ. ಮೂಗು ಕಟ್ಟಿ ಬಾಯಿಂದ ಉಸಿರಾಡುವವರಲ್ಲಿ ತಣ್ಣನೆಯ ಒಣಗಾಳಿ ನೇರವಾಗಿ ಶ್ವಾಸನಾಳಗಳನ್ನು ತಾಕಿ ಕೆರಳಿಸುತ್ತದೆ. ಅಲ್ಲದೆ ಮೂಗಿನ ಒಳಪೊರೆಯೂ ಶ್ವಾಸನಾಳದ ಒಳಪೊರೆಯೂ ಬಹುಮಟ್ಟಿಗೆ ಒಂದೇ ಬಗೆಯವು. ಒಂದರ ಉರಿಯೂತ ಇನ್ನೊಂದನ್ನೂ ಬಾಧಿಸಬಲ್ಲದು. ಆದುದರಿಂದಲೇ ಉಬ್ಬಸರೋಗಿಗಳಲ್ಲಿ ಬಹುಮಂದಿಗೆ ತೀರದ ನೆಗಡಿಯೂ ಇರುತ್ತದೆ. 2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗದಿಂದ ಪ್ರಕಟವಾದ ‘ಏರಿಯಾ’ ವರದಿ ಇವೆರಡನ್ನೂ ಒಟ್ಟಿಗೆ ಪರೀಕ್ಷಿಸಬೇಕೆಂದು ವೈದ್ಯರಿಗೆ ಸೂಚಿಸಿತು.

ವಯಸ್ಕರಲ್ಲಿ ಮತ್ತೊಂದು ಎಚ್ಚರಿಕೆ ಅವಶ್ಯ. ಉಬ್ಬಸ, ಮೂಗಿನೊಳಗಿನ ದುರ್ಮಾಂಸ, ಆಸ್ಪಿರಿನ್ ಒಗ್ಗದಿರುವಿಕೆ ಈ ಮೂರೂ ಒಬ್ಬರಲ್ಲಿಯೇ ಕೂಡಿಬರುವುದನ್ನು ಫ್ರಾನ್ಸಿನ ವೈದ್ಯ ವಿಡಾಲ್ ಮತ್ತು ಸಂಗಡಿಗರು 1922ರಲ್ಲಿಯೇ ವರ್ಣಿಸಿದ್ದರು. ಇಂಥವರು ತಲೆನೋವಿಗೆಂದು ನುಂಗಿದ ಒಂದು ಆಸ್ಪಿರಿನ್ ಮಾತ್ರೆಯೂ ಪ್ರಾಣಕ್ಕೆ ಅಪಾಯ ತರಬಲ್ಲದು. ಇವರಲ್ಲಿ ಅನೇಕರಿಗೆ ವಾಸನೆಯ ಅರಿವೂ ಕುಗ್ಗಿರುತ್ತದೆ.

ಆದಕಾರಣ ಉಬ್ಬಸವುಳ್ಳವರು ನೆಗಡಿಯನ್ನು ಅಲ್ಪವೆಂದೆಣಿಸದೆ, ಎದೆಯ ತೊಂದರೆಯೊಡನೆ ಮೂಗಿನ ತೊಂದರೆಯನ್ನೂ ವೈದ್ಯರಿಗೆ ತಪ್ಪದೆ ತಿಳಿಸತಕ್ಕದ್ದು. ಮೂಗಿಗೆ ಚಿಕಿತ್ಸೆ ನಡೆದರೂ ಎದೆಯ ಔಷಧವನ್ನು ತಾವಾಗಿ ನಿಲ್ಲಿಸಬಾರದು. ಮೇಲಿನ ದಾರಿ ಹಸನಾದರೆ ಕೆಳಗಿನ ಉಸಿರೂ ಹಗುರಾದೀತು.