ಸುಖ ಎಂದರೇನು? ಬದುಕು ಯಾತಕ್ಕೆ?



ಕ್ಷೇತ್ರದ ಕಚೇರಿಯಲ್ಲಿ ಸೇವಾ ರಶೀದಿ ಬರೆಯುವ ಕೆಲಸ ನನ್ನದು. ಓದಿದ್ದು ಪಿಯುಸಿ ತನಕ. ಹೆಸರು, ನಕ್ಷತ್ರ, ರಾಶಿ ಬರೆಸಿದ ಮೇಲೆ ಹೆಚ್ಚಿನವರು ಬಂದ ಕಾರಣವನ್ನೂ ಹೇಳುತ್ತಾರೆ. ಮಗಳಿಗೆ ಸಂಬಂಧ ಕೂಡಿಬರಬೇಕು, ಮಗನಿಗೆ ಕೆಲಸ ಆಗಬೇಕು, ಜಾಗದ ತಕರಾರು ಮುಗಿಯಬೇಕು, ಕಾಯಿಲೆ ಗುಣವಾಗಬೇಕು. ಎಲ್ಲದರ ಒಳಗೆ ಇರುವುದು ಒಂದೇ ಬೇಡಿಕೆ, ನಮಗೆ ಸುಖ ಬೇಕು ಅಂತ. ಆದರೆ ಆ ಸುಖ ಅಂದರೆ ಯಾವುದು ಎಂದು ನಾವು ಒಮ್ಮೆಯಾದರೂ ಕೂತು ಯೋಚಿಸಿದ್ದುಂಟೋ?

ಬೇಡುವುದು ತಪ್ಪೇ?

ದೇವರ ಹತ್ತಿರ ಏನೂ ಕೇಳಬಾರದು ಎನ್ನುವವರಿದ್ದಾರೆ. ಗೀತೆ ಹಾಗೆ ಹೇಳುವುದಿಲ್ಲ. 7ನೇ ಅಧ್ಯಾಯದಲ್ಲಿ ಶ್ರೀಕೃಷ್ಣನು ನಾಲ್ಕು ಬಗೆಯ ಭಕ್ತರನ್ನು ಹೆಸರಿಸುತ್ತಾನೆ. ಕಷ್ಟದಲ್ಲಿ ಇರುವವನು, ತಿಳಿಯಬೇಕೆನ್ನುವವನು, ಸಂಪತ್ತು ಬೇಕೆನ್ನುವವನು, ಜ್ಞಾನಿ. ಜ್ಞಾನಿ ತನಗೆ ಹೆಚ್ಚು ಪ್ರಿಯ ಎಂದರೂ ನಾಲ್ವರನ್ನೂ ಒಳ್ಳೆಯವರೆಂದೇ ಕರೆಯುತ್ತಾನೆ. ಪುರುಷಾರ್ಥಗಳಲ್ಲಿಯೂ ಧರ್ಮ, ಮೋಕ್ಷಗಳ ನಡುವೆ ಅರ್ಥ, ಕಾಮಗಳಿಗೆ ಜಾಗ ಉಂಟು.

ಸುಳ್ಯದ ಸಂಪಾಜೆ, ಅರಂತೋಡು ಕಡೆ ಅಡಿಕೆಗೆ ಹಳದಿ ಎಲೆ ರೋಗ ಬಂದು ತೋಟವೇ ಕೈಬಿಟ್ಟ ಮನೆಗಳಿವೆ. ಅಂಥವರಿಗೆ "ಹಣದಲ್ಲಿ ಸುಖ ಇಲ್ಲ, ಮನಸ್ಸಿನಲ್ಲಿ ಉಂಟು" ಎಂದರೆ ಅದು ಬರೇ ಬಾಯಿಮಾತು. ಮನೆಯ ಒಲೆ ಉರಿಯಬೇಕು. ಅದನ್ನು ದೇವರಲ್ಲಿ ಕೇಳಲಿಕ್ಕೆ ನಾಚಿಕೆ ಬೇಡ.

ಸುಖದಲ್ಲಿ ಮೂರು ಬಗೆ

ಆದರೆ ಸುಖಗಳೆಲ್ಲ ಒಂದೇ ಅಲ್ಲ. ಗೀತೆಯ 18ನೇ ಅಧ್ಯಾಯದಲ್ಲಿ ಮೂರು ಬಗೆ ಹೇಳಿದೆ. ಮೊದಲಿಗೆ ಕಹಿಯಾಗಿ ಕಡೆಗೆ ಅಮೃತವಾಗುವುದು ಸಾತ್ವಿಕ. ಮೊದಲು ಸಿಹಿಯಾಗಿ ಕಡೆಗೆ ವಿಷವಾಗುವುದು ರಾಜಸ. ನಿದ್ದೆ, ಸೋಮಾರಿತನಗಳಿಂದ ಹುಟ್ಟಿ ಮೊದಲೂ ಕಡೆಯೂ ಬುದ್ಧಿಗೆ ಮಂಕು ಕವಿಸುವುದು ತಾಮಸ.

ಸಾಲ ಮಾಡಿ ಗಡದ್ದಾಗಿ ಮದುವೆ ಮಾಡಿದರೆ ಆ ದಿನ ಸುಖವೇ. ಆಮೇಲೆ ಬ್ಯಾಂಕಿನ ಕಂತು ಬಂದಾಗ ನಿದ್ದೆ ಬರುವುದಿಲ್ಲ. ಹಾಸಿಗೆ ಹಿಡಿದ ತಾಯಿಯ ಚಾಕರಿ ಮಾಡುವಾಗ ಸುಖ ಎಂದು ಯಾರೂ ಹೇಳಲಿಕ್ಕಿಲ್ಲ. ಅವರು ತೀರಿಹೋದ ಮೇಲೆ "ನನ್ನ ಕೈಲಾದದ್ದು ಮಾಡಿದೆ" ಎಂಬ ಒಂದು ಸಮಾಧಾನ ಉಳಿಯುತ್ತದಲ್ಲ, ಅದನ್ನು ಹಣ ಕೊಟ್ಟು ತರಲಿಕ್ಕೆ ಆಗುವುದಿಲ್ಲ. ಆದ್ದರಿಂದ ಸುಖವನ್ನು ಅಳೆಯುವಾಗ ಅದರ ಕೊನೆಯನ್ನು ನೋಡಬೇಕು.

ನಮ್ಮ ಊರಿನದೇ ಒಂದು ಉದಾಹರಣೆ

ಸುಳ್ಯದ ಶ್ರೀ ಗಿರೀಶ್ ಭಾರದ್ವಾಜರ ಹೆಸರು ಕೇಳಿದವರು ಅನೇಕರಿದ್ದೀರಿ. ಕಲಿತದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್. ನಮ್ಮ ಕಡೆ ಮಳೆಗಾಲದಲ್ಲಿ ಹೊಳೆ ತುಂಬಿದರೆ ಆಚೆ ದಡದವರಿಗೆ ಶಾಲೆಯೂ ದೂರ, ಆಸ್ಪತ್ರೆಯೂ ದೂರ. 1989ರಲ್ಲಿ ಅವರು ಅರಂಬೂರಿನಲ್ಲಿ ಪಯಸ್ವಿನಿ ಹೊಳೆಗೆ ತೂಗುಸೇತುವೆ ಕಟ್ಟಿದರು. ಅದು ಮೊದಲನೆಯದು. ಮುಂದೆ ಕರ್ನಾಟಕ, ಕೇರಳ ಮಾತ್ರವಲ್ಲದೆ ಒಡಿಶಾ ತನಕ ನೂರಕ್ಕೂ ಹೆಚ್ಚು ತೂಗುಸೇತುವೆ ಕಟ್ಟಿದರು. 2017ರಲ್ಲಿ ಪದ್ಮಶ್ರೀ ಬಂತು.

ಪ್ರಶಸ್ತಿ ಬಂದದ್ದು ಮೊದಲ ಸೇತುವೆಯಾಗಿ 28 ವರ್ಷ ಕಳೆದ ಮೇಲೆ. ಅಷ್ಟರಲ್ಲಿ ಎಷ್ಟೋ ಮಕ್ಕಳು ಆ ಸೇತುವೆಗಳ ಮೇಲೆ ನಡೆದು ಶಾಲೆ ಮುಗಿಸಿ ಆಗಿತ್ತು. ತನಗೆ ಬಂದ ವಿದ್ಯೆ ಇನ್ನೊಬ್ಬರ ಕಷ್ಟಕ್ಕೆ ಎಲ್ಲಿ ಉಪಯೋಗವಾಗುತ್ತದೋ ಅಲ್ಲಿ ಬದುಕಿನ ಗುರಿಯೂ ಸಿಗುತ್ತದೆ ಎಂದು ನನಗೆ ಕಾಣುತ್ತದೆ. ಎಲ್ಲರಿಗೂ ಸೇತುವೆ ಕಟ್ಟಲಿಕ್ಕೆ ಆಗಲಿಕ್ಕಿಲ್ಲ. ಪಕ್ಕದ ಮನೆಯ ಅಜ್ಜನಿಗೆ ಪಿಂಚಣಿಯ ಅರ್ಜಿ ಬರೆದುಕೊಡಲಿಕ್ಕೆ ಆಗುತ್ತದೆ.

ಆನಂದದ ಲೆಕ್ಕ

ತೈತ್ತಿರೀಯ ಉಪನಿಷತ್ತಿನಲ್ಲಿ ಆನಂದಕ್ಕೆ ಒಂದು ಲೆಕ್ಕವೇ ಉಂಟು. ಪ್ರಾಯ, ವಿದ್ಯೆ, ದೇಹಬಲ ಎಲ್ಲ ಇದ್ದು ಭೂಮಿಯ ಸಂಪತ್ತೆಲ್ಲ ಒಬ್ಬನದೇ ಆದರೆ ಅದು ಮನುಷ್ಯನ ಒಂದು ಆನಂದ. ಅಲ್ಲಿಂದ ಮೇಲೆ 10 ಮೆಟ್ಟಿಲು, ಒಂದೊಂದಕ್ಕೂ ನೂರು ಪಟ್ಟು. ಗಂಧರ್ವರು, ಪಿತೃಗಳು, ದೇವತೆಗಳು, ಇಂದ್ರ, ಹೀಗೆ ಬ್ರಹ್ಮನ ಆನಂದದ ವರೆಗೆ. ಪ್ರತಿ ಮೆಟ್ಟಿಲಿನಲ್ಲೂ ಒಂದು ಮಾತು ಸೇರಿಸಿದ್ದಾರೆ. ಶಾಸ್ತ್ರ ತಿಳಿದು ಆಸೆಯ ಪೆಟ್ಟಿಗೆ ಸಿಕ್ಕದವನಿಗೆ ಆ ಆನಂದ ಇಲ್ಲೇ ಉಂಟು ಎಂದು. ಇಂದ್ರಪದವಿ ಸಿಗುವ ತನಕ ಅವನು ಕಾಯಬೇಕಾಗಿಲ್ಲ.

ಮನೆಗೆ ಹೋದ ಮೇಲೆ

ಹರಕೆ ಹೇಳಿ, ಸೇವೆ ಮಾಡಿಸಿ, ಬೇಕಾದದ್ದು ಕೇಳಿ. ಅದರ ಜೊತೆಗೆ ನಿಮ್ಮ ಮನೆಯವರಲ್ಲದ ಒಬ್ಬರ ಕಷ್ಟವನ್ನೂ ದೇವರಿಗೆ ಹೇಳಿ. ಊರಿಗೆ ಹೋದ ಮೇಲೆ ಅವರನ್ನು ಒಮ್ಮೆ ನೋಡಿ, ಕೈಲಾದದ್ದು ಮಾಡಿ. ರಾತ್ರಿ ಮಲಗುವ ಮೊದಲು, ಇವತ್ತಿನ ನನ್ನ ಸುಖ ನಾಳೆಗೆ ಅಮೃತವೋ ವಿಷವೋ ಎಂದು ಕೇಳಿಕೊಳ್ಳಿ. ಇದಕ್ಕೆ ರಶೀದಿ ಬೇಡ, ಖರ್ಚೂ ಇಲ್ಲ.

ದೇವರು ಎಲ್ಲರಿಗೂ ಒಳ್ಳೆಯದು ಮಾಡಲಿ.